ಹಳೆಯ ಲ್ಯಾಪ್‌ಟಾಪ್: ಸವೆದಿರುವುದು ಯಾವುದು?

ಮಕ್ಕಳು ಕಾಲೇಜು ಸೇರಿದೊಡನೆ ಲ್ಯಾಪ್‌ಟಾಪ್ ಬೇಕಾಗುತ್ತದೆ. ಹೊಸದಕ್ಕೆ ಹಣ ಸಾಲದವರು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ, ಕಂಪನಿಗಳು ಬಳಸಿ ಬಿಟ್ಟ ಅಥವಾ ದುರಸ್ತಿ ಮಾಡಿ ಮಾರುವ ‘ರಿಫರ್ಬಿಶ್ಡ್’ ಲ್ಯಾಪ್‌ಟಾಪ್‌ಗಳನ್ನು ಹುಡುಕುತ್ತಾರೆ. ಇದು ತಪ್ಪಲ್ಲ. ಆದರೆ ಹೊರಗಿನ ಹೊಳಪು ನೋಡಿ ಬೆಲೆ ಕಟ್ಟಬಾರದು.

ಲ್ಯಾಪ್‌ಟಾಪ್‌ನ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಪ್ರೊಸೆಸರ್‌ನಲ್ಲಿ ಚಲಿಸುವ ಭಾಗಗಳಿಲ್ಲ. ಐದಾರು ವರ್ಷಗಳ ನಂತರವೂ ಅದು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಮೊದಲು ಸೊರಗುವುದು ಬ್ಯಾಟರಿ.

ಲಿಥಿಯಂ-ಅಯಾನು ಬ್ಯಾಟರಿಯನ್ನು ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ವಿದ್ಯುದಗ್ರದ ಪದರಗಳ ನಡುವೆ ಸೇರುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಗ್ರಾಫೈಟ್ ಮೇಲ್ಮೈಯಲ್ಲಿ ತೆಳುವಾದ ಪೊರೆಯೊಂದು ಬೆಳೆಯುತ್ತಾ ಹೋಗಿ, ಸ್ವಲ್ಪ ಸ್ವಲ್ಪ ಲಿಥಿಯಂ ಅದರಲ್ಲಿ ಸಿಕ್ಕಿಬೀಳುತ್ತದೆ. ಅದು ಮತ್ತೆ ಉಪಯೋಗಕ್ಕೆ ಬಾರದು. ಶಾಖ ಹೆಚ್ಚಿದಷ್ಟೂ, ಬ್ಯಾಟರಿ ಸದಾ ಪೂರ್ತಿ ತುಂಬಿದ್ದಷ್ಟೂ ಈ ಕ್ರಿಯೆ ಚುರುಕಾಗುತ್ತದೆ. ಆದ್ದರಿಂದ “ಆಫೀಸಿನಲ್ಲಿ ಚಾರ್ಜರ್‌ಗೆ ಸಿಕ್ಕಿಸಿಯೇ ಇಟ್ಟಿದ್ದರು, ಬ್ಯಾಟರಿ ಬಳಸಿಯೇ ಇಲ್ಲ” ಎಂಬ ಮಾತನ್ನು ನಂಬಿ ಕೊಳ್ಳಬಾರದು.

ಇದನ್ನು ಅಂಗಡಿಯಲ್ಲೇ ಅಳೆಯಬಹುದು. ವಿಂಡೋಸ್‌ನಲ್ಲಿ ‘ಪವರ್‌ಸಿಎಫ್‌ಜಿ’ ಆಜ್ಞೆಯಿಂದ ಬ್ಯಾಟರಿ ವರದಿ ತೆಗೆಸಿ. ಅದರಲ್ಲಿ ‘ಡಿಸೈನ್ ಕೆಪಾಸಿಟಿ’ ಎಂದರೆ ಹೊಸದಿದ್ದಾಗಿನ ಸಾಮರ್ಥ್ಯ. ‘ಫುಲ್ ಚಾರ್ಜ್ ಕೆಪಾಸಿಟಿ’ ಎಂದರೆ ಈಗಿನದು. ಮೊದಲನೆಯದು 50 ವ್ಯಾಟ್-ಗಂಟೆ, ಎರಡನೆಯದು 30 ಎಂದುಕೊಳ್ಳೋಣ. ಯಂತ್ರ 10 ವ್ಯಾಟ್ ಬಳಸಿದರೆ, ಹಿಂದೆ 5 ಗಂಟೆ ಬರುತ್ತಿದ್ದುದು ಈಗ 3 ಗಂಟೆ ಮಾತ್ರ. ವರದಿಯ ಅಂಕಿ ಕೇವಲ ಅಂದಾಜು. ಚಾರ್ಜರ್ ತೆಗೆದು ಅರ್ಧ ಗಂಟೆ ನಡೆಸಿ ನೋಡಿ. ಈ ಉದಾಹರಣೆಯಲ್ಲಿ ಸುಮಾರು ಆರನೇ ಒಂದು ಭಾಗ ಇಳಿಯಬೇಕು. ಅದಕ್ಕಿಂತ ಬಹಳ ಹೆಚ್ಚು ಇಳಿದರೆ ಹೊಸ ಬ್ಯಾಟರಿಯ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ. ಟಚ್‌ಪ್ಯಾಡ್ ಉಬ್ಬಿದ್ದರೆ ಬ್ಯಾಟರಿಯೊಳಗೆ ಅನಿಲ ತುಂಬಿರಬಹುದು. ಬೆಂಕಿಯ ಅಪಾಯವಿರುವುದರಿಂದ ಅಂಥದನ್ನು ಕೊಳ್ಳಲೇಬೇಡಿ.

ಇನ್ನು ಡಿಸ್ಕ್. ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್‌ಗೆ ಅರ್ಧ ಸುತ್ತಿಗೇ 5.6 ಮಿಲಿಸೆಕೆಂಡ್ ಬೇಕು. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಯಲ್ಲಿ ಈ ಕಾಯುವಿಕೆಯೇ ಇಲ್ಲ. ನಿಧಾನವೆನಿಸುವ ಎಷ್ಟೋ ಯಂತ್ರಗಳು ಎಸ್‌ಎಸ್‌ಡಿ ಹಾಕಿದೊಡನೆ ಚುರುಕಾಗುತ್ತವೆ.

ಕಣ್ಣಿಗೆ ಕಾಣದ ಸವೆತವೂ ಒಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್‌ನ 8ನೇ ಪೀಳಿಗೆಗಿಂತ ಹಳೆಯ ಬಹುತೇಕ ಪ್ರೊಸೆಸರ್‌ಗಳಿಗೆ ಅಧಿಕೃತ ಮಾನ್ಯತೆಯಿಲ್ಲ. ಅಂಥ ಯಂತ್ರ ಅಗ್ಗಕ್ಕೆ ಸಿಕ್ಕರೆ, ಮುಂದೆ ಲಿನಕ್ಸ್ ಬಳಸಲು ಸಿದ್ಧರಿದ್ದೀರಾ ಎಂದು ಮೊದಲೇ ಯೋಚಿಸಿ.

ಕೊನೆಯದಾಗಿ, ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ಬಿಲ್ಲನ್ನೂ ವಾರಂಟಿಯನ್ನೂ ಬರಹದಲ್ಲಿ ಪಡೆಯಿರಿ. ಅಂಗಡಿಯಲ್ಲಿ ಕಳೆದ ಒಂದು ಗಂಟೆ, ಮನೆಯವರು ಕಷ್ಟಪಟ್ಟು ಕೂಡಿಟ್ಟ ಹಣವನ್ನು ಉಳಿಸಬಲ್ಲದು.