ಬಡಿಗೆಯ ತುದಿ, ಬಡಿಗೆಯ ಬುಡ

“ಬಡಿಗಿ ನೋಡಬ್ಯಾಡ ತಮ್ಮಾ, ಭುಜಾ ನೋಡು.”

ಬೆಟಗೇರಿಯ ಗರಡಿಮನೆಯೊಂದರಲ್ಲಿ ವಸ್ತಾದರು ಹುಡುಗನಿಗೆ ಹೇಳುತ್ತಿದ್ದರು. ಎದುರಿಗೆ ನಿಂತವನ ಕೈಯಲ್ಲಿ ಮೂರು ಮೊಳದ ಬಿದಿರು. ಅದು ಮೇಲೆದ್ದದ್ದೇ ತಡ, ಹುಡುಗ ಅರ್ಧ ಹೆಜ್ಜೆ ಹಿಂದೆ ಸರಿದ. ವಸ್ತಾದರು ತಲೆ ಅಲ್ಲಾಡಿಸಿದರು. ಎರಡನೆಯ ಸಲ ಬಿದಿರು ಇನ್ನೂ ಏರುತ್ತಿರುವಾಗಲೇ ಹುಡುಗ ಓರೆಯಾಗಿ ಒಳಹೊಕ್ಕ, ಎದುರಾಳಿಯ ತೋಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ, ಕಾಲು ಕೊಟ್ಟ. ಬಿದಿರು ಕೆಮ್ಮಣ್ಣಿನ ಮೇಲೆ ಸದ್ದಿಲ್ಲದೆ ಬಿತ್ತು.

ಅರ್ಧ ಹೆಜ್ಜೆ ಹಿಂದೆ ಸರಿದವನೇ ಹೆಚ್ಚು ಪೆಟ್ಟು ತಿನ್ನುತ್ತಾನೆ. ಬೀಸಿದ ಬಡಿಗೆಯಲ್ಲಿ ಎಲ್ಲಕ್ಕಿಂತ ವೇಗವಾಗಿ ಸುತ್ತುವುದು ತುದಿ. ಹಿಡಿಯ ಹತ್ತಿರ ಬಂದಷ್ಟೂ ವೇಗ ಕಡಿಮೆ. ಆದ್ದರಿಂದ ಒಂದೋ ತುದಿ ಮುಟ್ಟದಷ್ಟು ದೂರ ಓಡಬೇಕು, ಇಲ್ಲವೇ ಬುಡಕ್ಕೇ ಹೋಗಬೇಕು. ಓಡುವುದಕ್ಕೆ ದಾರಿ ಇದ್ದರೆ ಓಡುವುದೇ ಮೊದಲ ಪಾಠ. ವಸ್ತಾದರು ಅದನ್ನು ನಾಚಿಕೆಯಿಲ್ಲದೆ ಕಲಿಸುತ್ತಾರೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯವರಿಗೆ ಗರಡಿಮನೆ ಎಂದರೆ ಕುಸ್ತಿ: ಗೋಡೆಯ ಗೂಡಿನಲ್ಲಿ ಹನುಮಪ್ಪ, ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ ಮಣ್ಣು, ದಂಡ, ಬೈಠಕು. ಆದರೆ ಕುಸ್ತಿಯೇ ಬಡಿಗೆಗೆ ಉತ್ತರ. ಅದು ಮೈಗೆ ಮೈ ಹತ್ತಿಸುವ ವಿದ್ಯೆ. ಬಡಿಗೆಗೆ ಬೇಕಾದದ್ದು ಬೀಸುವಷ್ಟು ಜಾಗ. ಮೂಲೆಯಲ್ಲಿ ನಿಲ್ಲಿಸಿದ ಕರ್ಲಾ ಎಂಬ ಮರದ ಗದೆ ಕೂಡ ಪಾಠ ಹೇಳುತ್ತದೆ. ಅದನ್ನು ದಿನಾ ತಿರುಗಿಸಿದ ಹುಡುಗನ ಹೆಗಲಿಗೆ ಗೊತ್ತು, ಬೀಸಿನಲ್ಲಿ ಹೊರಟ ಭಾರವನ್ನು ನಡುವೆ ತಡೆದು ದಿಕ್ಕು ಬದಲಿಸುವುದು ಎಷ್ಟು ಕಷ್ಟವೆಂದು. ಹೊಡೆಯುವವನಿಗೂ ಅದೇ ಕಷ್ಟ. ಪೆಟ್ಟು ತಪ್ಪಿದ ಮೇಲೆ ಅವನು ಮತ್ತೆ ಕೈ ಎತ್ತುವವರೆಗಿನ ಆ ಒಂದು ಗಳಿಗೆ ನಮ್ಮದು.

“ಮುಂಗೈ ಅಡ್ಡ ಹಿಡಿಲೇನ್ರೀ ಕಾಕಾ?” ಎಂದ ಹುಡುಗ.

“ಎಲುಬು ಮುರಿತೈತಿ.”

ಸುಳ್ಳಲ್ಲ. ತಲೆ ಉಳಿಸಿಕೊಳ್ಳಲು ಅಡ್ಡ ಎತ್ತಿದ ಕೈಯಲ್ಲಿ ಕಿರುಬೆರಳ ಕಡೆಯ ಮುಂಗೈ ಎಲುಬು ಮುರಿಯುವುದು ಎಷ್ಟು ಸಾಮಾನ್ಯವೆಂದರೆ, ವೈದ್ಯರು ಆ ಮುರಿತಕ್ಕೆ ಪೊಲೀಸರ ಲಾಠಿಯ ಹೆಸರನ್ನೇ ಇಟ್ಟಿದ್ದಾರೆ. ಬೇರೆ ದಾರಿಯೇ ಇಲ್ಲದಿದ್ದರೆ ಕೈ ಕೊಟ್ಟು ತಲೆ ಉಳಿಸಿಕೊಳ್ಳಬೇಕು, ನಿಜ. ಕಂಬಳಿ ಇದ್ದರೆ ಕೈಗೆ ಸುತ್ತಿಕೊಳ್ಳಬೇಕು. ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ: ತಲೆಗೆ ಪೆಟ್ಟು ಬಿದ್ದವನು ಎದ್ದು ಕೂತು ಚಹಾ ಕುಡಿದರೂ ಮನೆಗೆ ಕಳಿಸಬೇಡಿ. ಒಳಗೆ ರಕ್ತ ಸೋರುತ್ತಿದ್ದರೆ ಕೆಲವು ಗಂಟೆ ಚೆನ್ನಾಗಿದ್ದು ಆಮೇಲೆ ಕುಸಿದುಬೀಳಬಹುದು. ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ನೆಲಕ್ಕೆ ಬಡಿಗೆ ಹೊಸದಲ್ಲ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದಾಗ ಹಲಗಲಿಯ ಬೇಡರು ಹತಾರ ಕೊಡಲೊಲ್ಲದೆ ಪ್ರಾಣ ಕೊಟ್ಟರು; ಮರುವರ್ಷ ಮುಂಡರಗಿಯ ಭೀಮರಾಯ ದಂಗೆಯೆದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ. ಕತ್ತಿ, ಬಂದೂಕು ಹೋದರೂ ರೈತನ, ಕುರಿಗಾರನ ಕೈಯ ಬಡಿಗೆಯನ್ನು ಯಾರು ಕಸಿಯಬಲ್ಲರು? ಇನ್ನೂ ಹಿಂದಕ್ಕೆ ಹೋದರೆ, ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಹಾಡಿದನೆನ್ನುವ ಹತ್ತು ಪರ್ವಗಳ ಭಾರತ ಮುಗಿಯುವುದೇ ಗದಾಪರ್ವದಲ್ಲಿ. ಅಷ್ಟೊಂದು ಬಾಣಗಳು ತೀರಿದ ಮೇಲೆ ಕೊನೆಗೆ ಉಳಿದದ್ದು ಎರಡು ಗದೆ. ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮ ಮುರಿದು ಭೀಮ ತೊಡೆಗೆ ಹೊಡೆದಾಗ ಬಲರಾಮ ಕೆರಳಿ ನಿಂತ ಕಥೆ ನಮ್ಮ ಹಳ್ಳಿಗಳಿಗೆ ಬಾಯಿಪಾಠ.

ಕಾನೂನಿಗೂ ಇಂಥದ್ದೇ ಒಂದು ಗೆರೆಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು 37ನೇ ಕಲಮು ಹೇಳುತ್ತದೆ. ಬಡಿಗೆ ಬಿಟ್ಟು ಓಡುವವನನ್ನು ಬೆನ್ನಟ್ಟಿ ಹೊಡೆದರೆ ಅದು ಆತ್ಮರಕ್ಷಣೆಯಲ್ಲ. ವಸ್ತಾದರು ಕಲಮು ಓದಿದವರಲ್ಲ. ಆದರೂ ಬಿದ್ದ ಬಿದಿರನ್ನು ಹುಡುಗ ಎತ್ತಿಕೊಂಡು ಎದುರಾಳಿಯತ್ತ ತಿರುಗಿದಾಗ ಅವನ ಕೈ ಹಿಡಿದುಕೊಂಡರು. “ಬಡಿಗಿ ಬಿತ್ತಂದ್ರ ಜಗಳ ಮುಗೀತು.”

ಗದುಗಿನ ಹೆಣ್ಣುಮಕ್ಕಳು ಇಂದು ಕುಸ್ತಿಯಲ್ಲಿ ಹೆಸರು ಮಾಡುತ್ತಿದ್ದಾರೆ. ಒನಕೆ ಹಿಡಿದ ಓಬವ್ವನನ್ನು ಕೊಂಡಾಡುವ ನಾವು ಈ ಬಡಿಗೆಯ ಪಾಠವನ್ನು ಅವರಿಗೂ ಕಲಿಸಬೇಕು. ತೋಳ್ಬಲಕ್ಕಿಂತ ಹೆಜ್ಜೆ ಇಡುವ ಸಮಯವೇ ಮುಖ್ಯವಾದ ಈ ವಿದ್ಯೆ ಅವರಿಗೆ ಒಗ್ಗದೆ ಇರುತ್ತದೆಯೇ?

ಹುಡುಗ ಮೈಗೆ ಅಂಟಿದ ಮಣ್ಣು ಒರೆಸಿಕೊಂಡು ಗೋಡೆಯ ಕಡೆ ನಡೆದಿದ್ದ. ವಸ್ತಾದರು ಕರೆದರು. ಬಿದಿರು ಈಗ ಎದುರಾಳಿಯ ಎಡಗೈಯಲ್ಲಿತ್ತು.