ಕದಲದ ನೆಲದ ಮಹಾಗಿರಿಗಳು

1971ನೆಯ ಇಸವಿಯ ನವೆಂಬರ್ 14ರಂದು ಅಮೆರಿಕದ ಮ್ಯಾರಿನರ್ 9 ಮಂಗಳನ ಕಕ್ಷೆಯನ್ನು ಸೇರಿ, ಭೂಮಿಯಲ್ಲದ ಮತ್ತೊಂದು ಗ್ರಹವನ್ನು ಪ್ರದಕ್ಷಿಣೆ ಮಾಡಿದ ಪ್ರಪ್ರಥಮ ನೌಕೆಯೆಂಬ ಕೀರ್ತಿಗೆ ಪಾತ್ರವಾಯಿತಾದರೂ, ಆ ಹೊತ್ತಿಗೆ ಅದರ ಕಣ್ಣಿಗೆ ಬೀಳತಕ್ಕದ್ದೇನೂ ಅಲ್ಲಿರಲಿಲ್ಲ. ಸೆಪ್ಟೆಂಬರಿನಲ್ಲಿ ಎದ್ದ ಧೂಳಿನ ಬಿರುಗಾಳಿ ಇಡೀ ಗ್ರಹವನ್ನೇ ಮುಸುಕಿಬಿಟ್ಟಿತ್ತು. ಅದರ ಬೆನ್ನಿಗೇ ಬಂದ ಸೋವಿಯತ್ ಒಕ್ಕೂಟದ ಮಾರ್ಸ್ 2 ಮತ್ತು ಮಾರ್ಸ್ 3 ನೌಕೆಗಳು, ಹೊರಡುವಾಗಲೇ ವಿಧಿಸಿದ್ದ ಕಾರ್ಯಕ್ರಮವನ್ನು ಮೀರಲಾರದೆ, ತಮ್ಮ ಇಳಿನೌಕೆಗಳನ್ನು ಆ ಧೂಳಿನೊಳಕ್ಕೇ ಇಳಿಬಿಟ್ಟುವು. ಮ್ಯಾರಿನರಿಗಾದರೋ ಭೂಮಿಯಿಂದ ಹೊಸ ಆಜ್ಞೆಗಳನ್ನು ಕಳುಹಿಸಿ, ಧೂಳು ಇಳಿಯುವ ತನಕ ಕಾದಿರುವಂತೆ ಮಾಡುವುದು ಸಾಧ್ಯವಿತ್ತು.

ಹಾಗೆ ಕಾಯುತ್ತಿರುವಾಗ ಮಸುಕಿನ ನಡುವೆ ನಾಲ್ಕು ಕರಿಯ ಮಚ್ಚೆಗಳು ಮಾತ್ರ, ಇದ್ದಲ್ಲಿಯೇ ಇದ್ದುಕೊಂಡು, ಕಾಣತೊಡಗಿದುವು. ಮೂರು ಒಂದೇ ಸಾಲಿನಲ್ಲಿದ್ದುವು. ನಾಲ್ಕನೆಯದು ಇಟಲಿಯ ಜ್ಯೋತಿರ್ವಿಜ್ಞಾನಿ ಸ್ಕಿಯಾಪರೆಲ್ಲಿ 1879ರಲ್ಲಿ ಬಿಳಿಯ ಕಲೆಯೊಂದನ್ನು ಕಂಡು ಒಲಿಂಪಸ್ಸಿನ ಹಿಮವೆಂದು ಹೆಸರಿಟ್ಟಿದ್ದ ಸ್ಥಳದಲ್ಲಿತ್ತು. ದಿನ ಕಳೆದಂತೆ ಒಂದೊಂದು ಮಚ್ಚೆಯ ನಡುವೆಯೂ ವಿಶಾಲವಾದ ಕುಳಿ ತೋರಿತು. ಇಡೀ ಗ್ರಹವನ್ನು ಮುಚ್ಚಿದ ಧೂಳಿನಿಂದಲೂ ಮೇಲಕ್ಕೆ ತಲೆಯೆತ್ತಿ ನಿಂತ ಅಗ್ನಿಪರ್ವತಗಳ ಶಿಖರಗಳವು ಎಂಬ ಒಂದೇ ಒಂದು ವಿವರಣೆ ಅದಕ್ಕೆ ಒಪ್ಪುವಂತಿತ್ತು. ಒಂದು ಲೋಕದ ಅತ್ಯುನ್ನತ ಗಿರಿಗಳು, ತಗ್ಗುಗಳೆಲ್ಲ ಮರೆಯಾಗಿದ್ದ ಕಾರಣದಿಂದಲೇ ಮೊದಲು ಕಾಣಿಸಿಕೊಂಡ ಈ ಪ್ರಸಂಗಕ್ಕೆ ಸಮನಾದುದು ಗ್ರಹಗಳ ಅನ್ವೇಷಣೆಯ ಚರಿತ್ರೆಯಲ್ಲಿ ವಿರಳ.

ಆ ಚಿತ್ರಗಳು ನಮ್ಮನ್ನು ತಲಪಿದ ಬಗೆಯೂ ತಿಳಿಯತಕ್ಕದ್ದು. ನೌಕೆ ತೆಗೆದ ಚಿತ್ರವನ್ನು ಆ ಕ್ಷಣವೇ ಕಳುಹಿಸುವಷ್ಟು ವೇಗ ಅದರ ರೇಡಿಯೋಕ್ಕೆ ಇರಲಿಲ್ಲವಾದ್ದರಿಂದ, ಚಿತ್ರದ ಬಿಂದುಬಿಂದುವಿನ ಬೆಳಕನ್ನೂ ಅಂಕಿಗಳನ್ನಾಗಿ ಪರಿವರ್ತಿಸಿ, ಸುರುಳಿ ಟೇಪಿನ ಡಿಜಿಟಲ್ ರೆಕಾರ್ಡರೊಂದರಲ್ಲಿ ಬರೆದಿಟ್ಟುಕೊಂಡು, ಕ್ಯಾಲಿಫೋರ್ನಿಯದ ಗೋಲ್ಡ್‌ಸ್ಟೋನ್ ಆಂಟೆನಾ ಅಭಿಮುಖವಾದಾಗ ನಿಧಾನವಾಗಿ ಓದಿ ಹೇಳಬೇಕಾಗಿತ್ತು. 18 ಕೋಟಿ ಬಿಟ್‌ಗಳನ್ನು ಹಿಡಿಯಬಲ್ಲ ಆ ಟೇಪಿನಲ್ಲಿ ಒಂದು ಸಲಕ್ಕೆ ಮೂವತ್ತಕ್ಕೂ ಮಿಕ್ಕ ಚಿತ್ರಗಳು ಹಿಡಿಯುತ್ತಿದ್ದುವು. ಈ ರೀತಿಯಲ್ಲಿ ಮ್ಯಾರಿನರ್ ಒಟ್ಟು 7,329 ಚಿತ್ರಗಳನ್ನು ಕಳುಹಿಸಿತು.

ನಾಲ್ವರಲ್ಲಿ ಹಿರಿಯನಾದ ಒಲಿಂಪಸ್ ಮಾನ್ಸ್, ಮಂಗಳನ ಸರಾಸರಿ ಮಟ್ಟದಿಂದ ಸುಮಾರು 22 ಕಿಲೋಮೀಟರ್ ಎತ್ತರಕ್ಕೆ, ಅಂದರೆ ಸಮುದ್ರಮಟ್ಟದಿಂದ ಎವರೆಸ್ಟಿನ ಎತ್ತರದ ಎರಡೂವರೆ ಪಾಲಿನಷ್ಟು ಎತ್ತರಕ್ಕೆ ಏರಿದೆ. ಬುಡದ ಅಗಲ ಸುಮಾರು 600 ಕಿಲೋಮೀಟರ್. ನೆತ್ತಿಯ ಕುಂಡವೊಂದೇ 80 ಕಿಲೋಮೀಟರ್ ಉದ್ದ, 60 ಕಿಲೋಮೀಟರ್ ಅಗಲ, 3 ಕಿಲೋಮೀಟರ್ ಆಳ. ಇಷ್ಟಾದರೂ, ನೀರಾಗಿ ಹರಿಯುವ ಲಾವಾರಸದ ಪದರಗಳಿಂದ ಕಟ್ಟಿದ ಇದರ ಆಕಾರ ಬೋರಲಾಗಿಟ್ಟ ಗುರಾಣಿಯದು, ಇಳಿಜಾರು ಕೆಲವೇ ಡಿಗ್ರಿಗಳದು. ಮಂಗಳನ ಮೇಲೆ ನಿಂತವನ ದಿಗಂತವು ಮೂರು ಚಿಲ್ಲರೆ ಕಿಲೋಮೀಟರುಗಳಿಗೇ ಮುಗಿದುಹೋಗುವುದರಿಂದ, ಈ ಗಿರಿಯ ಪಾರ್ಶ್ವದಲ್ಲಿ ನಡೆಯುವವನಿಗೆ ತಾನು ಸೌರವ್ಯೂಹದ ಅತ್ಯುನ್ನತ ಪರ್ವತಗಳಲ್ಲೊಂದನ್ನು ಏರುತ್ತಿರುವೆನೆಂಬ ಅರಿವೇ ಆಗದು. ಅಂಚುಗಳಲ್ಲಿ ಮಾತ್ರ ಕೆಲವೆಡೆ 8 ಕಿಲೋಮೀಟರ್‌ವರೆಗಿನ ಕಡಿದಾದ ಪ್ರಪಾತಗಳಿವೆ. ಸಾಲಾಗಿ ನಿಂತ ಆರ್ಸಿಯಾ, ಪವೋನಿಸ್, ಅಸ್ಕ್ರೇಯಸ್‌ಗಳು ಥಾರ್ಸಿಸ್ ಎಂಬ ಉಬ್ಬಿದ ಪ್ರಸ್ಥಭೂಮಿಯ ಮೇಲೇರಿವೆ.

ಭೂಮಿಗಿಂತ ಎಷ್ಟೋ ಚಿಕ್ಕದಾದ ಗ್ರಹದಲ್ಲಿ ಇಂಥ ದೈತ್ಯರು ಹುಟ್ಟಿದ್ದು ಹೇಗೆ? ಅಲ್ಲಿಯ ಗುರುತ್ವ ನಮ್ಮದರ ಶೇಕಡಾ 38ರಷ್ಟೇ ಇರುವುದರಿಂದ ಬೆಟ್ಟ ತನ್ನ ಭಾರಕ್ಕೆ ತಾನೇ ಕುಸಿಯದೆ ಹೆಚ್ಚು ಎತ್ತರಕ್ಕೆ ನಿಲ್ಲಬಲ್ಲುದು ನಿಜ. ಆದರೆ ಅದಕ್ಕಿಂತ ಮುಖ್ಯವಾದ ಕಾರಣ ನೆಲದ ನಿಶ್ಚಲತೆ. ಭೂಮಿಯ ಹೊರಚಿಪ್ಪು ಹಲವು ಫಲಕಗಳಾಗಿ ಒಡೆದು ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಸರಿಯುತ್ತಿರುತ್ತದೆ. ಆಳದಿಂದ ಶಿಲಾರಸವನ್ನು ಚಿಮ್ಮಿಸುವ ತಾಣ ಕೆಳಗೆ ಬಹುಮಟ್ಟಿಗೆ ನಿಂತಲ್ಲೇ ನಿಂತಿರಲು, ಮೇಲಿನ ನೆಲ ಸರಿದುಹೋಗಿ, ಒಂದೇ ಪರ್ವತವಾಗಬಹುದಾಗಿದ್ದ ಸಾಮಗ್ರಿ ಹಲವು ಸಣ್ಣ ಪರ್ವತಗಳಾಗಿ ಹಂಚಿಹೋಗುತ್ತದೆ. ಹವಾಯಿ ದ್ವೀಪಗಳ ಮಾಲೆ ಆದುದು ಹೀಗೆಯೇ.

ನಮಗೆ ಇನ್ನೂ ಹತ್ತಿರದ ಸಾಕ್ಷ್ಯವಿದೆ. ವಿಜಯಪುರದ ಗೋಲ ಗುಮ್ಮಟವನ್ನು ಕಟ್ಟಿದ ಕರಿಯ ಬಸಾಲ್ಟ್ ಶಿಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬೆಳಗಾವಿಯಿಂದ ಬೀದರಿನ ತನಕವೂ, ಅಲ್ಲಿಂದ ಉತ್ತರಕ್ಕೂ, ಪದರ ಪದರವಾಗಿ ಹರಡಿದ ದಖ್ಖನ್ ಲಾವಾದ ತುಣುಕು. ಆ ಲಾವಾವನ್ನು ಕಾರಿದ ತಾಣ ಇಂದು ನಮ್ಮ ಕೆಳಗಿಲ್ಲ: ಭಾರತದ ನೆಲ ಉತ್ತರಕ್ಕೆ ಸಾಗಿಬಂದು, ಆ ತಾಣ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಡಿ ಉಳಿದು ಈಗಲೂ ಉರಿಯುತ್ತಿದೆಯೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಮಂಗಳನ ಚಿಪ್ಪಾದರೋ ಒಡೆಯದ, ಸರಿಯದ ಒಂದೇ ಅಖಂಡ ಹೊದಿಕೆಯಾಗಿರುವುದರಿಂದ, ಕೋಟ್ಯಂತರ ವರ್ಷಗಳ ಲಾವಾರಸವೆಲ್ಲ ಒಂದೇ ಸ್ಥಳದಲ್ಲಿ ಪೇರುತ್ತ ಹೋಯಿತು.

ಆ ಲೋಕದ ಲಾವಾಶಿಲೆಯೂ ನಮ್ಮ ದೇಶಕ್ಕೆ ಬಂದು ಬಿದ್ದಿದೆಯೆಂಬುದು ಕಲ್ಪನೆಯಲ್ಲ. 1865ರ ಆಗಸ್ಟ್ 25ರಂದು ಬಿಹಾರದ ಶೇರ್ಘಾಟಿಯಲ್ಲಿ ಬಿದ್ದ ಸುಮಾರು 5 ಕಿಲೋಗ್ರಾಂ ತೂಕದ ಉಲ್ಕಾಶಿಲೆ ಬಸಾಲ್ಟ್ ಜಾತಿಯದು. ಅದರ ಕುಲಕ್ಕೇ ಸೇರಿದ, ಅಂಟಾರ್ಕ್ಟಿಕದಲ್ಲಿ ದೊರೆತ ಇನ್ನೊಂದು ಕಲ್ಲಿನ ಗಾಜಿನಲ್ಲಿ ಸೆರೆಯಾಗಿದ್ದ ಅನಿಲಗಳನ್ನು 1980ರ ದಶಕದಲ್ಲಿ ಅಳೆದು ನೋಡಲಾಗಿ, ವೈಕಿಂಗ್ ನೌಕೆಗಳು 1976ರಲ್ಲಿ ಮಂಗಳನ ಗಾಳಿಯಲ್ಲಿ ಕಂಡ ಪ್ರಮಾಣಗಳಿಗೇ ಅವು ಸರಿಹೊಂದಿದುವು. ಶೇರ್ಘಾಟಿಯ ಕಲ್ಲು ಲಾವಾದಿಂದ ಗಟ್ಟಿಗೊಂಡು ಸುಮಾರು 17 ಕೋಟಿ ವರ್ಷಗಳಾಗಿವೆಯೆಂಬುದು ಬಹುಮಂದಿ ತಜ್ಞರು ಒಪ್ಪುವ ಲೆಕ್ಕ. ಗ್ರಹದ 450 ಕೋಟಿ ವರ್ಷಗಳ ಆಯುಷ್ಯದ ಮುಂದೆ ಇದು ನಿನ್ನೆಯ ಮಾತು.

ನಮ್ಮ ಮಂಗಳಯಾನವೂ ಈ ಗಿರಿಗಳನ್ನು ಕಂಡಿತು. 2014ರ ಸೆಪ್ಟೆಂಬರ್ 24ರಂದು ಕಕ್ಷೆ ಸೇರಿದ ಆ ನೌಕೆ ಮರುವರ್ಷದ ಜನವರಿಯಲ್ಲಿ ಆರ್ಸಿಯಾದ ಚಿತ್ರ ತೆಗೆಯಿತು. ಅದರೊಡನೆ ಸಂಪರ್ಕ ನಡೆಸಿದ್ದು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿರುವ 32 ಮೀಟರ್ ವ್ಯಾಸದ ಆಂಟೆನಾ.

ಈ ಪರ್ವತಗಳು ತಣಿದುಹೋದುವೆಂದು ಹೇಳಿಬಿಡುವುದು ಸುಲಭ, ಆದರೆ ಆತುರದ ಮಾತಾದೀತು. ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ತೆಗೆದ ಚಿತ್ರಗಳಲ್ಲಿ ಉಲ್ಕಾಪಾತದ ಕುಳಿಗಳನ್ನು ಎಣಿಸಿದ ವಿಜ್ಞಾನಿಗಳು, ಒಲಿಂಪಸ್ಸಿನ ಪಾರ್ಶ್ವದ ಕೆಲವು ಲಾವಾಪ್ರವಾಹಗಳು ಕೇವಲ 20 ಲಕ್ಷ ವರ್ಷಗಳಷ್ಟು ಎಳೆಯವೆಂದು 2004ರಲ್ಲಿ ಅಂದಾಜು ಮಾಡಿದರು. 2018ರಿಂದ 2022ರ ತನಕ ಅಲ್ಲಿಯ ನೆಲಕ್ಕೆ ಕಿವಿಗೊಟ್ಟು ಕುಳಿತಿದ್ದ ಇನ್‌ಸೈಟ್ ನೌಕೆಯ ಕಂಪನಮಾಪಕ ದಾಖಲಿಸಿದ ಮಂಗಳಕಂಪಗಳಲ್ಲಿ ಅನೇಕವು, ಥಾರ್ಸಿಸಿನಿಂದ ದೂರದಲ್ಲಿ, ಎಲೀಸಿಯಂ ಎಂಬ ಇನ್ನೊಂದು ಅಗ್ನಿಪರ್ವತ ಪ್ರದೇಶದ ಸೆರ್ಬೆರಸ್ ಬಿರುಕುಗಳಿಂದ ಹೊಮ್ಮಿದಂಥವು.