ಬೆಟ್ಟ ಅಳೆದಾಯ್ತು, ಲೆಕ್ಕ ಯಾರ ಮನೆಗೆ ಹೋಗುತ್ತೆ?

ಸೊಪ್ಪಿನಬೆಟ್ಟದಲ್ಲೋ ಕಾನಿನಲ್ಲೋ ಓಡಾಡುವವರು ಇದನ್ನು ಗಮನಿಸಿರುತ್ತೀರಿ. ಮತ್ತಿ ಮರದ ಎದೆಮಟ್ಟಕ್ಕೆ ಮಾಸಿದ ಕೆಂಪು ಬಣ್ಣದ ಪಟ್ಟಿ, ಅದರ ಮೇಲೆ ಮೊಳೆ ಹೊಡೆದು ಕೂರಿಸಿದ ಸಣ್ಣ ಅಲ್ಯೂಮಿನಿಯಂ ಬಿಲ್ಲೆ, ಬಿಲ್ಲೆಯಲ್ಲೊಂದು ನಂಬರು. ಯಾರೋ ಯಾವತ್ತೋ ಬಂದು ಅಳೆದಿದ್ದಾರೆ ಅಂತ ಅರ್ಥ. ಏನು ಅಳೆದರು, ಏನು ಸಿಕ್ಕಿತು ಅಂತ ಊರಿನಲ್ಲಿ ಕೇಳಿ ನೋಡಿ. "ಎಂತದೋ ಸರ್ವೆ ಮಾರಾಯ" ಅನ್ನುವ ಉತ್ತರ ಬಿಟ್ಟರೆ ಬೇರೆ ಸಿಗುವುದು ಕಷ್ಟ. ಬೆಟ್ಟ ತೋರಿಸಿದ್ದು ಊರಿನವರು, ಮರದ ಹೆಸರು ಹೇಳಿಕೊಟ್ಟದ್ದು ಊರಿನವರು, ಬಂದವರಿಗೆ ಊಟ ಹಾಕಿದ್ದೂ ಊರಿನವರೇ.

ತೋಟಗಾರಿಕೆ ಓದುವಾಗ ಅಳತೆ ಟೇಪಿನ ಆಚೆ ತುದಿ ಹಿಡಿದವನು ನಾನು. ಈಗ ಸಾವಯವ ಅಡಿಕೆ ತೋಟಕ್ಕೆ ಸೊಪ್ಪು, ದರಕು ಬೇಕಾದವನಾಗಿ ಈಚೆ ತುದಿಯಲ್ಲಿದ್ದೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಕೆಲವು ಬೆಳೆಗಾರರು, ಗ್ರಾಮ ಅರಣ್ಯ ಸಮಿತಿಯವರು ಮತ್ತು ಸಂಶೋಧಕರು ಸೇರಿ ಸೊಪ್ಪಿನಬೆಟ್ಟದ ಅಳತೆ ಮಾಡುವ ಮಾತುಕತೆ ಈಗ ನಡೆದಿದೆ. ಬೆಟ್ಟ ಬೋಳಾಗದಂತೆ ವರ್ಷಕ್ಕೆ ಎಷ್ಟು ಸೊಪ್ಪು ಕಡಿಯಬಹುದು, ದರಕು ಪೂರ್ತಿ ಗುಡಿಸಿದರೆ ಸಸಿ ಎಷ್ಟು ಏಳುತ್ತದೆ, ಬಿಟ್ಟರೆ ಎಷ್ಟು ಏಳುತ್ತದೆ ಎನ್ನುವುದು ಮುಖ್ಯ ಪ್ರಶ್ನೆ. ಮೊದಲ ಸಭೆಯಲ್ಲಿ ನಾನು ಕೇಳಿದ್ದು ಒಂದೇ: ಅಳತೆ ಶುರು ಮಾಡುವ ಮೊದಲು, ಫಲಿತಾಂಶ ಯಾರಿಗೆ, ಯಾವಾಗ, ಯಾವ ರೂಪದಲ್ಲಿ ಅಂತ ಒಂದು ಪುಟ ಬರೆಯೋಣ. "ಫಲಿತಾಂಶವೇ ಬಂದಿಲ್ಲ, ಈಗಲೇ ಹಂಚುವ ಮಾತೇಕೆ?" ಎಂದರು ಕೆಲವರು. ಯಾಕೆ ಅನ್ನುವುದಕ್ಕೆ ನಮ್ಮ ಕಡೆಯೇ ಸಾಕಷ್ಟು ಉದಾಹರಣೆ ಇದೆ.

ಹಳೆಯದರಿಂದ ಶುರು ಮಾಡಿದರೆ, 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ಪಕ್ಕದ ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ ವರದಿ ಬರೆದರು. 171 ಕಾನುಗಳ ಲೆಕ್ಕ ಅದರಲ್ಲಿದೆ. ಕಾಳುಮೆಣಸು ಬೆಳೆದು, ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ಕಾನುಗಳು. ಆ ವರದಿ ಇಂಗ್ಲಿಷಿನಲ್ಲಿ, ಸರ್ಕಾರಕ್ಕಾಗಿ ಬರೆದದ್ದು. ಇವತ್ತಿಗೂ ಅದನ್ನು ಹುಡುಕಿ ಓದುವವರು ಸಂಶೋಧಕರೇ.

ಹತ್ತಿರದ್ದು ಬೇಕಿದ್ದರೆ ಪಶ್ಚಿಮಘಟ್ಟದ ವರದಿ. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ ರಚನೆಯಾದದ್ದು 2010ರಲ್ಲಿ, ವರದಿ ಕೊಟ್ಟದ್ದು 2011ರ ಆಗಸ್ಟ್‌ನಲ್ಲಿ. ಗ್ರಾಮಸಭೆಗಳಲ್ಲಿ ಚರ್ಚೆಯಾಗಿ ತೀರ್ಮಾನವಾಗಲಿ ಎನ್ನುವುದು ಆ ವರದಿಯ ಮುಖ್ಯ ಆಶಯ. ಆದರೆ ವರದಿ ತಿಂಗಳುಗಟ್ಟಲೆ ಹೊರಗೇ ಬರಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ, ಕೇಂದ್ರ ಮಾಹಿತಿ ಆಯೋಗದ ಆದೇಶ ಎಲ್ಲ ಆಗಿ 2012ರ ಮೇ ತಿಂಗಳಿನಲ್ಲಿ ಬಹಿರಂಗವಾಯಿತು. ಆಮೇಲೆ 2013ರಲ್ಲಿ ಕಸ್ತೂರಿರಂಗನ್ ವರದಿ, 2014ರಿಂದ ಒಂದರ ಹಿಂದೊಂದು ಕರಡು ಅಧಿಸೂಚನೆ, 2024ರ ಜುಲೈನಲ್ಲಿ ಆರನೆಯದು. ನಮ್ಮ ಮೂರೂ ತಾಲ್ಲೂಕಿನ ಹಳ್ಳಿಗಳು ಪಟ್ಟಿಯಲ್ಲಿವೆ. ಆ ವರದಿಗಳು ಸರಿಯೋ ತಪ್ಪೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ನಾನು ಹೇಳುವುದು ಇಷ್ಟೇ: ನಮ್ಮಲ್ಲಿ ಹೆಚ್ಚಿನವರು ವರದಿ ಓದುವ ಮೊದಲೇ ಅದರ ಬಗ್ಗೆ ಭಯ ಕೇಳಿದರು. ಮನೆ ಕಟ್ಟೋ ಹಾಗಿಲ್ಲವಂತೆ, ದನ ಸಾಕೋ ಹಾಗಿಲ್ಲವಂತೆ. ಕನ್ನಡದಲ್ಲಿ ನಾಲ್ಕು ಪುಟ ಮೊದಲೇ ಬಂದಿದ್ದರೆ ವಿರೋಧ ಮಾಡುವವರೂ ಸರಿಯಾದ ವಿಷಯ ಹಿಡಿದು ವಿರೋಧ ಮಾಡಬಹುದಿತ್ತು.

ಬೇರೆ ರೀತಿಯಲ್ಲೂ ಆಗಬಹುದು ಎನ್ನುವುದಕ್ಕೆ ಮಂಗನ ಕಾಯಿಲೆಯ ಅಧ್ಯಯನ ಇದೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಕಾಯಿಲೆ. 2018-19ರಲ್ಲಿ ಸಾಗರದ ಅರಳಗೋಡಿನಲ್ಲಿ ಆದದ್ದು ನಮಗೆಲ್ಲ ನೆನಪಿದೆ. ಬೆಂಗಳೂರಿನ ಏಟ್ರೀ ಸಂಸ್ಥೆ, ಬ್ರಿಟನ್ನಿನ ಪರಿಸರ ಸಂಶೋಧನಾ ಕೇಂದ್ರ, ಐಸಿಎಆರ್‌ನ ನಿವೇದಿ ಸಂಸ್ಥೆ, ರಾಜ್ಯ ಆರೋಗ್ಯ ಇಲಾಖೆ ಮುಂತಾದವರು ಸೇರಿ ಅಪಾಯದ ನಕ್ಷೆ ಮಾಡಿದರು. ಅದು 2020ರಲ್ಲಿ ಪ್ರಕಟವಾಯಿತು. ತೇವದ ನಿತ್ಯಹರಿದ್ವರ್ಣ ಕಾಡು ಮತ್ತು ನೆಡುತೋಪು ಒಟ್ಟೊಟ್ಟಿಗೆ ಇರುವ, ನಾಟಿ ದನ ಹೆಚ್ಚಿರುವ ಕಡೆ ಅಪಾಯ ಹೆಚ್ಚು ಎಂದು ಕಂಡಿತು. ಅಂದರೆ ಹೆಚ್ಚುಕಡಿಮೆ ನಮ್ಮೂರುಗಳೇ. ನನಗೆ ಇಷ್ಟವಾದದ್ದು ಅವರು ಕೆಲಸ ಮಾಡಿದ ಕ್ರಮ. ನಕ್ಷೆ ಮುಗಿಸಿ ಕೊಡುವ ಬದಲು, ಅದನ್ನು ಬಳಸಬೇಕಾದ ಆರೋಗ್ಯ, ಪಶು ಆರೋಗ್ಯ, ಅರಣ್ಯ ಕ್ಷೇತ್ರದವರನ್ನು ಮೊದಲೇ ಸೇರಿಸಿಕೊಂಡು ಅವರಿಗೆ ಏನು ಬೇಕು ಎಂದು ಕೇಳಿದ್ದರು.

ಇಲ್ಲಿ ಒಂದು ಅಡ್ಡಮಾತು. ಕಾಯಿಲೆ ಹೆಚ್ಚು ಕಾಣುವುದು ಡಿಸೆಂಬರಿನಿಂದ ಮೇ ತನಕ. ಬೇಸಿಗೆಯಲ್ಲಿ ದರಕು ಗುಡಿಸಲು ಕಾಡಿಗೆ ಹೋಗುವುದೂ ಅದೇ ಹೊತ್ತಿಗೆ. ಉಣುಗು ಇರುವುದು ಆ ಒಣ ಎಲೆಯಲ್ಲೇ. ಇಂಥ ವಿಷಯ ಜೂನ್ ತಿಂಗಳಲ್ಲಿ ತಿಳಿಸಿದರೆ ಏನು ಪ್ರಯೋಜನ? ನವೆಂಬರ್ ಒಳಗೆ ಬರಬೇಕು. ಹಂಚುವ ಯೋಜನೆಯಲ್ಲಿ ತಿಂಗಳು ಬರೆಯಬೇಕು ಅಂತ ನಾನು ಹಠ ಹಿಡಿಯುವುದು ಇದಕ್ಕೇ.

ಯಾರಿಗೆ ಏನು ಬೇಕು?

ನಮ್ಮ ಆ ಒಂದು ಪುಟಕ್ಕೆ ಬರೋಣ. ಸಂಶೋಧಕರಿಗೆ ಪ್ರಬಂಧ ಬೇಕು, ವಿದ್ಯಾರ್ಥಿಗೆ ಪದವಿ ಬೇಕು. ಅದರಲ್ಲಿ ತಪ್ಪೇನಿಲ್ಲ. ಫಾರೆಸ್ಟರಿಗೆ ಬೇಕಾದದ್ದು ಗ್ರಾಮ ಅರಣ್ಯ ಸಮಿತಿಯ ಸೂಕ್ಷ್ಮ ಯೋಜನೆಗೆ ಆಧಾರ. 1993ರಲ್ಲಿ ರಾಜ್ಯದಲ್ಲಿ ಜಂಟಿ ಅರಣ್ಯ ಯೋಜನೆ ಬಂದಾಗಿನಿಂದ ಈ ಸಮಿತಿಗಳಿವೆ. ಅವುಗಳ ಯೋಜನೆಯಲ್ಲಿ ಯಾವ ಗಿಡ ನೆಡಬೇಕು ಎನ್ನುವ ಕಡೆ ಊರಿನ ಅಳತೆ ಒಂದಿದ್ದರೆ ಅಕೇಶಿಯಾ ಬದಲು ಹೊನ್ನೆ, ನಂದಿ, ಉಪ್ಪಾಗೆ ಕೇಳಲು ಬಲ ಬರುತ್ತದೆ. ಬೆಳೆಗಾರನಿಗೆ ಬೇಕಾದದ್ದು ಇನ್ನೂ ಸರಳ: ಈ ಮರದಿಂದ ಎಷ್ಟು ಹೊರೆ, ಎಷ್ಟು ವರ್ಷಕ್ಕೊಮ್ಮೆ, ಯಾವ ಕೊಂಬೆ ಬಿಡಬೇಕು.

ಕೊನೆಗೆ ಉಳಿದವರು ಸೊಪ್ಪು ಹೊರುವ, ದರಕು ಗುಡಿಸುವ, ಮಳೆಗಾಲದಲ್ಲಿ ಉಪ್ಪಾಗೆ ಹೆಕ್ಕುವ ಹೆಂಗಸರು. ಬೆಟ್ಟ ಹೇಗಿದೆ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಇವರಿಗೆ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಮಾತ್ರ ಇವರು ಇಲ್ಲವೇ ಇಲ್ಲ. ಗುಂಪಿನಲ್ಲಿರುವುದು ತೋಟದ ಯಜಮಾನರು, ನಾವು ಹುಡುಗರು. ಗುಂಪಿಗೆ ಪಿಡಿಎಫ್ ಹಾಕಿ "ಎಲ್ಲರಿಗೂ ತಲುಪಿಸಿದ್ದೇವೆ" ಅಂತ ವರದಿ ಬರೆದರೆ ಅದು ಸುಳ್ಳು ಲೆಕ್ಕ.

ಹಾಗಾಗಿ ನಾವು ಮೂರು ದಾರಿ ಇಟ್ಟುಕೊಂಡಿದ್ದೇವೆ. ಐದು ನಿಮಿಷದ ಆಡಿಯೊ, ನಮ್ಮ ಕಡೆಯ ಮಾತಿನಲ್ಲೇ. ಕೊಯ್ಲಿನ ಸಮಯದಲ್ಲಿ ಸಭೆ ಕರೆದರೆ ಯಾರೂ ಬರುವುದಿಲ್ಲ, ಆದರೆ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವಾಗ ಕಿವಿ ಖಾಲಿ ಇರುತ್ತದೆ. (ಸುಲಿಯುವ ಯಂತ್ರ ಬಂದ ಮನೆಯಲ್ಲಿ ಆ ಗದ್ದಲಕ್ಕೆ ಏನೂ ಕೇಳುವುದಿಲ್ಲ, ಅದು ಬೇರೆ ಮಾತು.) ಎರಡನೆಯದು ಗೋಡೆಗೆ ಅಂಟಿಸುವ ಒಂದು ಹಾಳೆ, ಸೊಸೈಟಿ ಮತ್ತು ಹಾಲಿನ ಡೇರಿಯಲ್ಲಿ. ಶರಾವತಿ ಹಿನ್ನೀರಿನ ತುಮರಿ ಕಡೆ, ಹೊಸನಗರದ ನಿಟ್ಟೂರು ಕಡೆ ನೆಟ್‌ವರ್ಕ್ ಹೇಗಿದೆ ಅಂತ ಅಲ್ಲಿನವರನ್ನು ಕೇಳಿ. ಕಾಗದವನ್ನು ಮರೆಯುವ ಹಾಗಿಲ್ಲ. ಮೂರನೆಯದು ಬೆಟ್ಟದಲ್ಲೇ ಒಂದು ಸುತ್ತು. ಅಳೆದ ಜಾಗದಲ್ಲೇ ನಿಂತು, ದರಕು ಬಿಟ್ಟ ಚೌಕ ಇದು, ಗುಡಿಸಿದ್ದು ಅದು, ನೀವೇ ಸಸಿ ಎಣಿಸಿ ಅನ್ನುವುದು. ನೂರು ಪುಟದ ವರದಿಗಿಂತ ಇದರಲ್ಲಿ ನನಗೆ ನಂಬಿಕೆ ಹೆಚ್ಚು. ಸಾಧ್ಯವಾದರೆ ಭದ್ರಾವತಿ ಆಕಾಶವಾಣಿಯ ಕೃಷಿ ಕಾರ್ಯಕ್ರಮಕ್ಕೂ ಕೇಳಬೇಕು ಅಂತಿದೆ.

ಹೆಕ್ಟೇರನ್ನು ಗುಂಟೆಗೆ ತರುವುದು

ಭಾಷೆ ಬದಲಾಯಿಸಿದರೆ ಸಾಲದು, ಅಳತೆಯನ್ನೂ ಬದಲಾಯಿಸಬೇಕು. ಅಧ್ಯಯನದವರು ಸಾಮಾನ್ಯವಾಗಿ 20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕ ಹಾಕುತ್ತಾರೆ. ಅದು ಹೆಚ್ಚುಕಡಿಮೆ 4 ಗುಂಟೆ. "ಹೆಕ್ಟೇರಿಗೆ 450 ಸಸಿ" ಎಂದು ಬರೆದರೆ ನಮ್ಮ ತಲೆಗೆ ಹೋಗುವುದಿಲ್ಲ. "4 ಗುಂಟೆಯಲ್ಲಿ 18 ಸಸಿ" ಎಂದರೆ ನಾಳೆಯೇ ನಮ್ಮ ಬೆಟ್ಟದಲ್ಲಿ ಹಗ್ಗ ಹಿಡಿದು ಹೋಲಿಸಿ ನೋಡಬಹುದು. ಸೊಪ್ಪನ್ನು ಕಿಲೋದಲ್ಲಿ ಹೇಳಿದರೂ ಅದೇ ಕಥೆ. ಮೊದಲ ವಾರವೇ ಹತ್ತು ಹೊರೆ ತೂಗಿ, ಒಂದು ಹೊರೆ ಅಂದರೆ ಸರಾಸರಿ ಎಷ್ಟು ಕಿಲೋ ಅಂತ ಬರೆದಿಟ್ಟುಕೊಂಡರೆ ಕೊನೆಯಲ್ಲಿ ಎಲ್ಲವನ್ನೂ ಹೊರೆ ಲೆಕ್ಕದಲ್ಲಿ ಹೇಳಬಹುದು. ಅಳತೆ ಮುಗಿದ ಮೇಲೆ ಇದು ನೆನಪಾದರೆ ತೂಗಲು ಹೊರೆಯೇ ಇರುವುದಿಲ್ಲ.

ಮರದ ಹೆಸರಿನದೂ ಒಂದು ತಕರಾರು. ಕೆಲವರು ಹುನಾಲು ಎನ್ನುವುದನ್ನೇ ಕೆಲವರು ಹುಲುವೆ ಎನ್ನುತ್ತಾರೆ. ಪುಸ್ತಕದಲ್ಲಿ ಟರ್ಮಿನೇಲಿಯಾ ಪ್ಯಾನಿಕ್ಯುಲೇಟಾ. ಮೂರು ತಾಲ್ಲೂಕಿಗೆ ಒಂದೇ ಹಾಳೆ ಮಾಡುವುದಾದರೆ ಎಲ್ಲ ಹೆಸರೂ ಇರಲಿ, ಜೊತೆಗೆ ಎಲೆಯ ಫೋಟೊ ಇರಲಿ.

ಎಲ್ಲವನ್ನೂ ಹಂಚಬಾರದು

ಸಭೆಯಲ್ಲಿ ಹೆಚ್ಚು ಹೊತ್ತು ಚರ್ಚೆಯಾದದ್ದು ಇದೇ. ಒಳ್ಳೆಯ ಅಪ್ಪೆಮಿಡಿ ಮರ ಎಲ್ಲಿದೆ ಅಂತ ಜಿಪಿಎಸ್ ಸಮೇತ ಮೊಬೈಲಿಗೆ ಬಂದರೆ ಮುಂದಿನ ಫೆಬ್ರವರಿ, ಮಾರ್ಚಿನಲ್ಲಿ ಏನಾಗುತ್ತದೆ? ಮಿಡಿಗೋಸ್ಕರ ಕೊಂಬೆಯನ್ನೇ ಕಡಿದು ಕೆಡವುವುದನ್ನು ನಾವು ನೋಡಿದ್ದೇವೆ. ರಾಮಪತ್ರೆ, ದಾಲ್ಚಿನ್ನಿಗೂ ಇದೇ ಗತಿ. ಇಂಥ ಮರಗಳ ಜಾಗ ಸಾರ್ವಜನಿಕ ಹಾಳೆಯಲ್ಲಿ ಬೇಡ ಎಂದು ಎಲ್ಲರೂ ಒಪ್ಪಿದರು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಕೊಟ್ಟಾಗ ತುಂಬ ಕಡೆ ಅದನ್ನು ಗಡಿಬಿಡಿಯಲ್ಲಿ ಬರೆದು ಮುಗಿಸಿದರು. ನಿಮ್ಮ ಪಂಚಾಯತಿಯ ದಾಖಲಾತಿ ಒಮ್ಮೆ ತೆಗೆಸಿ ನೋಡಿ. ಗುಟ್ಟಾಗಿಡಬೇಕಾದ ಮಾಹಿತಿಯನ್ನು ಪ್ರತ್ಯೇಕವಾಗಿ ಇಡಲು ಅಲ್ಲಿ ಅವಕಾಶ ಇದೆ.

ಸರ್ವೆ ನಂಬರಿನ ವಿಷಯ ಇನ್ನೂ ಸೂಕ್ಷ್ಮ. ಸೊಪ್ಪಿನಬೆಟ್ಟ ನಮಗಿರುವ ಸವಲತ್ತು, ಒಡೆತನ ಬೇರೆ. ಡೀಮ್ಡ್ ಫಾರೆಸ್ಟ್, ಬಗರ್‌ಹುಕುಂ, ಒತ್ತುವರಿ ಎನ್ನುವ ಪದ ಕೇಳಿದರೆ ನಮ್ಮ ಕಡೆ ನಿದ್ದೆ ಬರದ ಮನೆಗಳಿವೆ. "ಇಲ್ಲಿ ಮರ ಕಡಿಮೆ" ಎಂಬ ಒಂದು ಸಾಲು, ಪಕ್ಕದಲ್ಲಿ ಸರ್ವೆ ನಂಬರು ಇದ್ದರೆ ನೋಟಿಸಿಗೆ ಕಾರಣವಾದೀತು ಅಂತ ಜನ ಹೆದರುತ್ತಾರೆ. ಹೆದರಿದವರು ಬೆಟ್ಟ ತೋರಿಸುವುದಿಲ್ಲ. ಹೊರಗೆ ಕೊಡುವ ಹಾಳೆಯಲ್ಲಿ ಊರಿನ ಮಟ್ಟದ ಸರಾಸರಿ ಮಾತ್ರ, ಪ್ರತಿ ಬೆಟ್ಟದ ಲೆಕ್ಕ ಆ ಬೆಟ್ಟದವರ ಕೈಗೆ ಮಾತ್ರ ಎನ್ನುವುದು ನನ್ನ ವಾದ. ದೊಡ್ಡ ಒತ್ತುವರಿ ಮಾಡಿದವರಿಗೆ ಇದು ರಕ್ಷಣೆ ಆಗಲ್ವಾ ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಒತ್ತುವರಿ ಹಿಡಿಯುವುದು ಕಂದಾಯ ಮತ್ತು ಅರಣ್ಯ ಇಲಾಖೆಯ ಕೆಲಸ, ಸಸಿ ಎಣಿಸಲು ಬಂದವರ ಕೆಲಸ ಅಲ್ಲ ಎಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಅದು ಮುಂದಿನ ಸಭೆಗೆ ಉಳಿದಿದೆ.

ಇನ್ನು "ಪ್ರಬಂಧ ಪ್ರಕಟವಾಗುವ ತನಕ ಏನೂ ಹೇಳುವಂತಿಲ್ಲ" ಎನ್ನುವ ಮಾತು. ಪ್ರಕಟಣೆಗೆ ಎರಡು ಮೂರು ವರ್ಷ ಹಿಡಿಯಬಹುದು. ಪೂರ್ತಿ ಅಂಕಿಅಂಶ ಬೇಡ, ಭಾಗವಹಿಸಿದವರಿಗೆ ಸಾರಾಂಶ ಕೊಡಬಹುದೇ ಎಂದು ಸಂಶೋಧಕರು ಪತ್ರಿಕೆಯವರನ್ನು ಮೊದಲೇ ಕೇಳಿಕೊಳ್ಳಲಿ. ನಮ್ಮ ಪುಟದಲ್ಲಿ ಹೀಗೆ ಬರೆದಿದ್ದೇವೆ: ಪ್ರತಿ ಸುತ್ತಿನ ಅಳತೆ ಮುಗಿದು ಮೂರು ತಿಂಗಳೊಳಗೆ ಒಂದು ಹಾಳೆ, "ಇದು ಒಂದೇ ವರ್ಷದ ಲೆಕ್ಕ" ಎಂದು ದಪ್ಪ ಅಕ್ಷರದಲ್ಲಿ. ಇಷ್ಟು ದಿನ ನಾವು ಮಾಡಿಕೊಂಡು ಬಂದದ್ದೇ ಬೆಟ್ಟಕ್ಕೆ ಕೆಟ್ಟದ್ದು ಎಂದು ಅಳತೆ ಹೇಳಿದರೂ ಅದು ಹಾಳೆಯಲ್ಲಿ ಇರುತ್ತದೆ. ಈ ಸಾಲಿಗೆ ಬೆಳೆಗಾರರ ಕಡೆಯಿಂದಲೇ ಸ್ವಲ್ಪ ಗೊಣಗಾಟ ಬಂತು.

ನಿಮ್ಮ ಬೆಟ್ಟದಲ್ಲಿ ಹಳೆಯ ಬಿಲ್ಲೆಗಳಿದ್ದರೆ ಈಗಲೂ ಲೆಕ್ಕ ಕೇಳಬಹುದು. ಬಿಲ್ಲೆಯ ಫೋಟೊ ತೆಗೆದುಕೊಳ್ಳಿ, ಯಾವ ವರ್ಷ ಬಂದಿದ್ದರು ಅಂತ ಹಿರಿಯರಲ್ಲಿ ವಿಚಾರಿಸಿ. ವಿದ್ಯಾರ್ಥಿಗಳ ಅಧ್ಯಯನವಾಗಿದ್ದರೆ ಐಸಿಎಆರ್‌ನ ಕೃಷಿಕೋಶ ಜಾಲತಾಣದಲ್ಲಿ ಮರದ ವೈಜ್ಞಾನಿಕ ಹೆಸರು, ತಾಲ್ಲೂಕಿನ ಹೆಸರು ಹಾಕಿ ಹುಡುಕಿ. ಕೃಷಿ ವಿವಿಗಳ ಪ್ರಬಂಧಗಳು ಅಲ್ಲಿವೆ. ಇಲಾಖೆಯ ಅಳತೆಯಾಗಿದ್ದರೆ ವಲಯ ಅರಣ್ಯ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಆ ಕಾಯ್ದೆಯ ನಾಲ್ಕನೇ ಕಲಮಿನಲ್ಲಿ, ಸರ್ಕಾರಿ ಸಂಸ್ಥೆಗಳು ಮಾಹಿತಿ ಹಂಚುವಾಗ ಸ್ಥಳೀಯ ಭಾಷೆಯನ್ನೂ ಆ ಊರಿಗೆ ಸರಿಹೊಂದುವ ವಿಧಾನವನ್ನೂ ಗಮನಿಸಬೇಕು ಎಂದಿದೆ. ಅರ್ಜಿಯಲ್ಲಿ ಅದನ್ನೂ ಒಂದು ಸಾಲು ಸೇರಿಸಿ.

ಪುಟದ ಕೊನೆಯ ಸಾಲು ಪ್ರತಿಗಳ ಬಗ್ಗೆ. ಫಾರೆಸ್ಟರಿಗೆ ವರ್ಗವಾಗುತ್ತದೆ, ವಿದ್ಯಾರ್ಥಿ ಪದವಿ ಮುಗಿಸಿ ಹೋಗುತ್ತಾನೆ, ನಮ್ಮ ಫೋನು ಮಳೆಯಲ್ಲಿ ನೆನೆದು ಸಾಯುತ್ತದೆ. ಹಾಗಾಗಿ ಒಂದು ಪ್ರತಿ ಪಂಚಾಯತಿಯ ಜೀವವೈವಿಧ್ಯ ದಾಖಲಾತಿಯ ಜೊತೆ, ಒಂದು ಗ್ರಾಮ ಅರಣ್ಯ ಸಮಿತಿಯ ಕಡತದಲ್ಲಿ, ಇನ್ನೊಂದು ಸೊಸೈಟಿಯ ಬೀರುವಿನಲ್ಲಿ. ಬೀರುವಿನ ಕೀಲಿ ಯಾರ ಹತ್ತಿರ ಇರಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ.